ದಣಿವಿಗೂ ಒಂದು ಭಾಷೆಯುಂಟು

ಕಚೇರಿಯಿಂದ ಮನೆಗೆ ಬಂದ ಯಜಮಾನರು ಜೋಡು ಕಳಚಿ ಕುರ್ಚಿಯಲ್ಲಿ ಕುಸಿದು, "ಇನ್ನು ನನ್ನಿಂದ ಒಂದು ಹೆಜ್ಜೆಯೂ ಆಗದು" ಎನ್ನುತ್ತಾರೆ. ಅಷ್ಟರಲ್ಲಿ ಬಾಲ್ಯದ ಗೆಳೆಯರೊಬ್ಬರು ನಾಟಕದ ಟಿಕೇಟು ಹಿಡಿದು ಬಾಗಿಲಲ್ಲಿ ನಿಂತರೆ, ಅದೇ ಯಜಮಾನರು ಹತ್ತು ನಿಮಿಷದೊಳಗೆ ಮುಖ ತೊಳೆದು, ಶರಟು ಬದಲಿಸಿ, ಲವಲವಿಕೆಯಿಂದ ಮೆಟ್ಟಿಲು ಇಳಿಯುತ್ತಿರುತ್ತಾರೆ. ಹಾಗಾದರೆ ಅವರ ದಣಿವು ಸುಳ್ಳೇ? ಅತ್ತ ಒಳಗೆ, ಬೆಳಗಿನ ಐದು ಗಂಟೆಗೇ ಎದ್ದ ಅವರ ಮನೆಯಾಕೆ ದಣಿವಿನ ಮಾತನ್ನೇ ಎತ್ತದೆ ರಾತ್ರಿಯ ಅಡಿಗೆಗೆ ತರಕಾರಿ ಹೆಚ್ಚುತ್ತಿರುತ್ತಾರೆ. ಅವರಿಗೆ ದಣಿವೇ ಇಲ್ಲವೇ?

ಯಜಮಾನರ ದಣಿವು ಸುಳ್ಳಲ್ಲ. ಮನೆಯಾಕೆ ಸುಮ್ಮನಿದ್ದಾರೆಂದ ಮಾತ್ರಕ್ಕೆ ಅವರಿಗೆ ದಣಿವಿಲ್ಲವೆಂದೂ ಅಲ್ಲ. ದಣಿವೆಂದರೆ ದೀಪದಲ್ಲಿ ಎಣ್ಣೆ ತೀರಿದಂತೆ ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಎಣ್ಣೆ ತೀರಿದ ದೀಪ ಗೆಳೆಯನ ದನಿ ಕೇಳಿ ಮತ್ತೆ ಹೊತ್ತಿಕೊಳ್ಳುವುದಿಲ್ಲ. ದಣಿವು ಶರೀರ ಮತ್ತು ಮಿದುಳು ಕೂಡಿ ನಮಗೆ ಕಳಿಸುವ ಒಂದು ಸಮಾಚಾರ. ಕೆಲವೊಮ್ಮೆ ಅದು ಮುನ್ನೆಚ್ಚರಿಕೆ, ಕೆಲವೊಮ್ಮೆ ದೂರು. ಅದನ್ನು ಓದಿಕೊಳ್ಳುವ ತಾಳ್ಮೆಯಿಲ್ಲದೆ ನಾವು ಒಂದೋ ಸೋಮಾರಿತನವೆಂದು ಹಳಿಯುತ್ತೇವೆ, ಇಲ್ಲವೇ ಒಂದು ಲೋಟ ಕಾಫಿ ಕೊಟ್ಟು ಅದರ ಬಾಯಿ ಮುಚ್ಚಿಸುತ್ತೇವೆ.

ಹೆಸರು ಹಲವು

ದಣಿವಿನಲ್ಲಿ ಬಗೆಗಳುಂಟು ಎಂಬುದು ನಮ್ಮ ನುಡಿಗೆ ಹಿಂದಿನಿಂದಲೂ ಗೊತ್ತು. ಗದ್ದೆಯಲ್ಲಿ ದುಡಿದವನಿಗೆ ದಣಿವು, ದೂರದ ದಾರಿ ನಡೆದವನಿಗೆ ಬಳಲಿಕೆ, ಜ್ವರ ಬಿಟ್ಟೆದ್ದವನಿಗೆ ನಿಶ್ಶಕ್ತಿ, ರಾತ್ರಿಯೆಲ್ಲ ಎಚ್ಚರವಿದ್ದವನಿಗೆ ತೂಕಡಿಕೆ, ಒಂದೇ ಲೆಕ್ಕವನ್ನು ನೂರು ಸಲ ಕೂಡಿ ಕಳೆದ ಗುಮಾಸ್ತನಿಗೆ ಬೇಸರ. ಮದುವೆಮನೆಯ ಓಡಾಟ ಮುಗಿದ ಮರುದಿನ ಎಲ್ಲರಿಗೂ ಸುಸ್ತು. ಸಂಸಾರದ ತಾಪತ್ರಯದಲ್ಲಿ ಸಿಕ್ಕವರು "ಸಾಕುಸಾಕಾಯಿತು" ಎನ್ನುತ್ತಾರೆ. ಅಲ್ಲಿ ಮೈಗಿಂತ ಮನಸ್ಸು ಹೆಚ್ಚು ಸೋತಿರುತ್ತದೆ.

ಸಂಸ್ಕೃತದಲ್ಲಿ 'ಶ್ರಮ್' ಎಂಬ ಒಂದೇ ಧಾತುವಿಗೆ ದುಡಿಯುವುದು, ದಣಿಯುವುದು ಎಂಬ ಎರಡು ಅರ್ಥಗಳೂ ಇವೆ. ಪರಿಶ್ರಮ ಹುಟ್ಟಿದ್ದೂ ಅದರಿಂದಲೇ, ವಿಶ್ರಾಂತಿ ಹುಟ್ಟಿದ್ದೂ ಅದರಿಂದಲೇ. ಚರಕಸಂಹಿತೆ ನಿದ್ರೆಯ ಕಾರಣವನ್ನು ಹೇಳುವಾಗ, ಮನಸ್ಸು ಬಳಲಿ, ಇಂದ್ರಿಯಗಳೂ ಬಳಲಿ ತಮ್ಮ ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಮನುಷ್ಯನು ನಿದ್ರಿಸುತ್ತಾನೆಂದು ವಿವರಿಸುತ್ತದೆ. ದಣಿವಿನಲ್ಲಿ ಮನಸ್ಸಿನ ಪಾಲೂ ಇದೆಯೆಂಬುದನ್ನು ಪಾಶ್ಚಾತ್ಯ ವಿಜ್ಞಾನ ತನ್ನದೇ ಹಾದಿಯಲ್ಲಿ, ಅಳತೆ ತೂಕಗಳ ಮೂಲಕ ಕಂಡುಕೊಂಡಿತು. ಆ ಹಾದಿಯ ಕಥೆ ಸ್ವಾರಸ್ಯವಾಗಿದೆ.

ಬೆರಳು ಬರೆದ ಚಿತ್ರ

ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರದ ಪ್ರಾಧ್ಯಾಪಕರಿದ್ದರು. ದಣಿವನ್ನು ಅಳೆಯಬೇಕೆಂಬುದು ಅವರ ಹಂಬಲ. ಅದಕ್ಕಾಗಿ 'ಎರ್ಗೋಗ್ರಾಫ್' ಎಂಬ ಸರಳ ಯಂತ್ರವೊಂದನ್ನು ರೂಪಿಸಿದರು. ಮುಂಗೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ಅದನ್ನು ರಾಟೆಯ ಮೇಲಿಂದ ಇಳಿಬಿಟ್ಟು ತುದಿಗೆ ತೂಕ ಕಟ್ಟುವುದು. ನಿಯತವಾದ ತಾಳಕ್ಕೆ ಸರಿಯಾಗಿ ಬೆರಳನ್ನು ಮಡಿಸಿ ತೂಕವನ್ನು ಮತ್ತೆ ಮತ್ತೆ ಎತ್ತಬೇಕು. ಪ್ರತಿ ಸಲ ಎಷ್ಟು ಎತ್ತರಕ್ಕೆ ಎತ್ತಿದ್ದೆಂಬುದನ್ನು ಒಂದು ಕಡ್ಡಿ ಮಸಿ ಹಿಡಿಸಿದ ಉರುಳೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಮೊದಲು ಉದ್ದವಾಗಿದ್ದ ಗೆರೆಗಳು ಬರಬರುತ್ತ ಗಿಡ್ಡವಾಗಿ, ಕೊನೆಗೆ ಬೆರಳು ಮುಷ್ಕರ ಹೂಡುತ್ತಿತ್ತು.

ಎಲ್ಲರ ಗೆರೆಗಳೂ ಒಂದೇ ಬಗೆಯಾಗಿರಲಿಲ್ಲ. ಒಬ್ಬರದು ಇಳಿಜಾರಿನಂತೆ ಮೆಲ್ಲಮೆಲ್ಲನೆ ತಗ್ಗಿದರೆ, ಇನ್ನೊಬ್ಬರದು ಕೊನೆಯವರೆಗೂ ನೆಟ್ಟಗಿದ್ದು ಒಮ್ಮೆಲೆ ಕುಸಿಯುತ್ತಿತ್ತು. ದಣಿಯುವುದರಲ್ಲಿಯೂ ಮನುಷ್ಯನಿಗೆ ಅವನದೇ ಒಂದು ಹಸ್ತಾಕ್ಷರವಿದ್ದಂತೆ!

ಇದಕ್ಕಿಂತ ಸೋಜಿಗದ ಸಂಗತಿ ಮುಂದಿತ್ತು. ಮೊಸ್ಸೊ ಅವರ ಸಂಗಡಿಗ ಡಾಕ್ಟರ್ ಮಜ್ಜೋರಾ ಕೆಲವು ಗಂಟೆಗಳ ಕಾಲ ಕುಳಿತಲ್ಲೇ ಕುಳಿತು ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದು ಯಂತ್ರಕ್ಕೆ ಬೆರಳು ಕೊಟ್ಟರು. ಆ ಬೆರಳು ಅಂದು ಯಾವ ಕೆಲಸವನ್ನೂ ಮಾಡಿರಲಿಲ್ಲ. ಆದರೂ ಅದರ ಶಕ್ತಿ ಬಹಳ ತಗ್ಗಿಹೋಗಿತ್ತು. ದುಡಿದದ್ದು ತಲೆ, ಸೋತದ್ದು ಬೆರಳು! ಮತ್ತೊಂದು ಪ್ರಯೋಗದಲ್ಲಿ, ಎಷ್ಟು ಮನಸ್ಸು ಮಾಡಿದರೂ ಎತ್ತಲಾರೆನೆಂದು ಬೆರಳು ನಿಂತ ಮೇಲೆ ಸ್ನಾಯುವಿಗೆ ವಿದ್ಯುತ್ ಪ್ರವಾಹವನ್ನು ತಾಗಿಸಿದಾಗ ಅದು ಮತ್ತೆ ಮಡಿಸಿಕೊಂಡಿತು. "ಇನ್ನಾಗದು" ಎಂದು ಹೇಳಿದ್ದು ಸ್ನಾಯುವೊಂದೇ ಅಲ್ಲವೆಂದು ಇದರಿಂದ ತಿಳಿಯಿತು. ಈ ಸಂಶೋಧನೆಗಳನ್ನೆಲ್ಲ ಮೊಸ್ಸೊ 1891ರಲ್ಲಿ 'ಲಾ ಫತೀಕಾ' ಎಂಬ ಗ್ರಂಥವಾಗಿ ಪ್ರಕಟಿಸಿದರು. ಆ ಹೆಸರಿನ ಅರ್ಥವೇ 'ದಣಿವು'.

ವಿಷದ ಬೆನ್ನಟ್ಟಿ

ದಣಿದ ನಾಯಿಯ ರಕ್ತವನ್ನು ದಣಿಯದ ನಾಯಿಗೆ ಕೊಟ್ಟಾಗ ಅದರಲ್ಲಿಯೂ ದಣಿವಿನ ಲಕ್ಷಣಗಳು ಕಂಡವೆಂದು ಮೊಸ್ಸೊ ವರದಿ ಮಾಡಿದ್ದರು. ಇದನ್ನು ಹಿಡಿದು, ದಣಿವೆಂದರೆ ದೇಹದಲ್ಲಿ ಸೇರುವ ಒಂದು ವಿಷವಿರಬೇಕೆಂಬ ನಂಬಿಕೆ ಬೆಳೆಯಿತು. ವಿಷವಾದರೆ ಅದಕ್ಕೆ ಪ್ರತಿವಿಷವೂ ಇರಬೇಕಲ್ಲವೇ? 1904ರಲ್ಲಿ ಜರ್ಮನಿಯ ವೈಖಾರ್ಟ್ ಎಂಬ ವಿಜ್ಞಾನಿ ದಣಿವಿಗೆ ಲಸಿಕೆಯನ್ನು ಕಂಡುಹಿಡಿಯಬಹುದೆಂದು ಸಾರಿದರು. ಒಮ್ಮೆ ಚುಚ್ಚಿಸಿಕೊಂಡರೆ ಇಡೀ ದಿನ ದಣಿವಿಲ್ಲದೆ ದುಡಿಯಬಹುದೆಂಬ ಆಸೆ ಯಾರಿಗೆ ಬೇಡ? ಆದರೆ ಪರೀಕ್ಷೆಗೆ ಒಡ್ಡಿದಾಗ ಆ ಆಸೆ ನಿಲ್ಲಲಿಲ್ಲ.

1907ರಲ್ಲಿ ಕೇಂಬ್ರಿಜ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ದಣಿದ ಕಪ್ಪೆಯ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದನ್ನು ತೋರಿಸಿದರು. ಸ್ನಾಯುವಿನ ಕೆಲಸದ ರಹಸ್ಯವನ್ನು ಬಿಡಿಸಿದ ಎ. ವಿ. ಹಿಲ್ ಮತ್ತು ಆಟೊ ಮೇಯರ್‌ಹೋಫ್ ಅವರಿಗೆ 1922ರ ನೊಬೆಲ್ ಪಾರಿತೋಷಿಕ ಸಂದಿತು. ಮುಂದೆ ಬಹುಕಾಲ, ಮೈಕೈ ನೋವಿಗೆಲ್ಲ ಈ ಆಮ್ಲವೇ ಕಾರಣವೆಂದು ಶಾಲೆಯ ವ್ಯಾಯಾಮದ ಉಪಾಧ್ಯಾಯರವರೆಗೆ ಎಲ್ಲರೂ ಹೇಳುತ್ತ ಬಂದರು. ಇಂದಿನ ತಿಳಿವಳಿಕೆ ಬೇರೆ. ಈ ವಸ್ತುವನ್ನು ಹೃದಯವೂ ಇತರ ಸ್ನಾಯುಗಳೂ ಇಂಧನವಾಗಿ ಬಳಸಿಕೊಳ್ಳುತ್ತವೆ. ರೂಢಿಯಿಲ್ಲದ ಕೆಲಸ ಮಾಡಿದ ಮರುದಿನದ ನೋವಿಗೆ ಸ್ನಾಯುವಿನ ಎಳೆಗಳಲ್ಲಾದ ಸಣ್ಣಪುಟ್ಟ ಗಾಯಗಳು ಕಾರಣವೇ ಹೊರತು ಈ ಆಮ್ಲವಲ್ಲ.

ಕೊನೆಯ ಸುತ್ತಿನ ಓಟ

ದೂರದ ಓಟದ ಪಂದ್ಯವನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಸುತ್ತಿನ ಮೇಲೆ ಸುತ್ತು ಓಡಿ ಏದುಸಿರು ಬಿಡುತ್ತಿದ್ದವನು ಕೊನೆಯ ಸುತ್ತಿನ ಗಂಟೆ ಬಾರಿಸಿದೊಡನೆ ಎಲ್ಲಿಂದಲೋ ಶಕ್ತಿ ತಂದುಕೊಂಡು ಧಾವಿಸುತ್ತಾನೆ. ಸ್ನಾಯುಗಳು ನಿಜವಾಗಿ ಬರಿದಾಗಿದ್ದರೆ ಈ ವೇಗ ಎಲ್ಲಿಂದ ಬಂತು? ಹೃದಯಕ್ಕೆ ಅಪಾಯ ಒದಗದಂತೆ ಕಾಯುವ ನಿಯಂತ್ರಕವೊಂದು ದೇಹದಲ್ಲಿ ಇರಬೇಕೆಂದು ಹಿಲ್ 1924ರ ಹೊತ್ತಿಗೇ ಊಹಿಸಿದ್ದರು. ದಕ್ಷಿಣ ಆಫ್ರಿಕದ ಟಿಮ್ ನೋಕ್ಸ್ ಮುಂದೆ ಈ ವಿಚಾರವನ್ನು ಬೆಳೆಸಿ, ಆ ನಿಯಂತ್ರಕ ಇರುವುದು ಮಿದುಳಿನಲ್ಲಿ ಎಂದು ವಾದಿಸಿದರು. ಜಾಣ ಗೃಹಿಣಿ ತಿಂಗಳ ಕೊನೆಗೆಂದು ಡಬ್ಬಿಯ ತಳದಲ್ಲಿ ನಾಲ್ಕು ಸೇರು ಅಕ್ಕಿ ಉಳಿಸಿಕೊಂಡು, ಮನೆಮಂದಿಗೆ "ಅಕ್ಕಿ ತೀರಿತು" ಎನ್ನುವುದಿಲ್ಲವೇ? ಮಿದುಳಿನ ಉಪಾಯವೂ ಅದೇ. ನೋಕ್ಸ್ ಅವರ ವಾದವನ್ನು ಪೂರ್ಣವಾಗಿ ಒಪ್ಪದ ವಿಜ್ಞಾನಿಗಳೂ ಉಂಟು. ಸ್ನಾಯುವಿನೊಳಗೆ ಆಗುವ ಮಾರ್ಪಾಡುಗಳೂ ದಣಿವಿಗೆ ಕಾರಣವೆಂಬುದನ್ನು ಮರೆಯುವಂತಿಲ್ಲ. ಆದರೆ ದಣಿವಿನ ಅನುಭವವನ್ನು ಹೆಣೆಯುವುದರಲ್ಲಿ ಮಿದುಳಿನ ಕೈವಾಡ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ.

ಇದಕ್ಕೆ ಸೊಗಸಾದ ನಿದರ್ಶನವೊಂದನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು 2004ರಲ್ಲಿ ಒದಗಿಸಿದರು. ಸುಮಾರು ಒಂದು ಗಂಟೆ ಸೈಕಲ್ ತುಳಿಯುವವರಿಗೆ ನಡುನಡುವೆ ಪಿಷ್ಟದ ದ್ರವವನ್ನು ಕೊಟ್ಟು, ನುಂಗದೆ ಬಾಯಿ ಮುಕ್ಕಳಿಸಿ ಉಗುಳಲು ಹೇಳಿದರು. ಹೊಟ್ಟೆಗೆ ಒಂದು ಹನಿಯೂ ಸೇರದಿದ್ದರೂ ಬರಿಯ ನೀರು ಮುಕ್ಕಳಿಸಿದಾಗಿಗಿಂತ ಹೆಚ್ಚು ಚುರುಕಾಗಿ ಅವರು ತುಳಿದರು. ಆಹಾರ ಬರುತ್ತಿದೆಯೆಂಬ ಸುದ್ದಿ ನಾಲಗೆಯಿಂದ ಮುಟ್ಟಿದ್ದೇ ತಡ, ಮಿದುಳು ತನ್ನ ಬಿಗಿಹಿಡಿತವನ್ನು ಸಡಿಲಿಸಿತು.

ಬಿಸಿಲಿನಲ್ಲಿ ನಡೆದು ಬಂದ ಅತಿಥಿಯ ಕೈಗೆ ಮೊದಲು ಬೆಲ್ಲ ನೀರು ಕೊಟ್ಟು ಆಮೇಲೆ ಕುಶಲ ಕೇಳುತ್ತಿದ್ದ ನಮ್ಮ ಅಜ್ಜಿಯರ ನೆನಪು ಇಲ್ಲಿ ಬಾರದಿರದು. ಶ್ರಮವನ್ನು ಹರಿಸುವ ಹತ್ತು ದ್ರವ್ಯಗಳನ್ನು ಚರಕಸಂಹಿತೆ ಪಟ್ಟಿ ಮಾಡಿದೆ. ದ್ರಾಕ್ಷಿ, ಖರ್ಜೂರ, ದಾಳಿಂಬೆ, ಕಬ್ಬು ಅದರಲ್ಲಿ ಸೇರಿವೆ.

ದಣಿದವನಿಗೇ ತಿಳಿಯದ ದಣಿವು

ದಣಿವು ಇಷ್ಟು ಸ್ಪಷ್ಟವಾಗಿ ಮಾತಾಡುವುದಾದರೆ ಎಲ್ಲರೂ ಅದನ್ನು ಕೇಳಿಸಿಕೊಳ್ಳಬೇಕಾಗಿತ್ತು. ಆದರೆ ಎಷ್ಟೋ ವೇಳೆ ದಣಿದವನಿಗೇ ಅದು ತಿಳಿಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞರು ವಿಮಾನ ಚಾಲಕನ ಕೊಠಡಿಯ ಮಾದರಿಯೊಂದನ್ನು ಪ್ರಯೋಗಶಾಲೆಯಲ್ಲಿ ನಿರ್ಮಿಸಿ, ಅದರಲ್ಲಿ ಚಾಲಕರನ್ನು ಗಂಟೆಗಟ್ಟಲೆ ಕೂರಿಸಿದರು. ದಣಿದಂತೆಲ್ಲ ಚಾಲಕರ ಕೈ ನಿಧಾನವಾಗಬಹುದೆಂಬುದು ನಿರೀಕ್ಷೆ. ಆದದ್ದು ಬೇರೆ. "ಇಷ್ಟಾದರೆ ಸಾಕು" ಎಂಬ ಅವರ ಅಳತೆಗೋಲೇ ಸಡಿಲವಾಯಿತು. ಮೊದಲು ಒಪ್ಪದಿದ್ದ ತಪ್ಪುಗಳನ್ನು ಈಗ ಸಹಿಸಿಕೊಂಡರು. ಎದುರಿನ ಮುಳ್ಳುಗಳನ್ನು ನೋಡುತ್ತ ಪಕ್ಕದ ಪೆಟ್ರೋಲು ಮಾಪಕವನ್ನು ಮರೆತರು. ಸಿಡಿಮಿಡಿಗೊಂಡು ಯಂತ್ರವೇ ಸರಿಯಿಲ್ಲವೆಂದರು. ಆದರೆ ತಮ್ಮ ಕೆಲಸ ಕೆಟ್ಟಿದೆಯೆಂದು ಅವರಿಗೆ ತೋರಲಿಲ್ಲ.

ದೂರ ಪ್ರಯಾಣದ ಕೊನೆಯ ಕೆಲವು ಮೈಲಿಗಳಲ್ಲಿ ಕಾರು ನಡೆಸುವವರು ಇದನ್ನು ನೆನಪಿನಲ್ಲಿಡಬೇಕು. ಮನೆಯಲ್ಲಿಯೂ ಅಷ್ಟೆ. ಸಂಜೆಯ ಹೊತ್ತು ಪಾತ್ರೆಗಳ ಸದ್ದು ಜೋರಾಗಿ, ಮಗುವಿನ ಸಣ್ಣ ತಪ್ಪಿಗೆ ದೊಡ್ಡ ಗದರಿಕೆ ಬಿದ್ದರೆ, ಅದು ಕೋಪವೆಂದು ತೀರ್ಮಾನಿಸುವ ಮುನ್ನ ದಣಿವಿರಬಹುದೇ ಎಂದು ಯೋಚಿಸುವುದು ಒಳ್ಳೆಯದು.

ಕಾಫಿ ಕೊಡುವ ಸಾಲ

ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟನ್ನು ಬೆಳೆಯುವ ನಾಡಿನವರಾದ ನಮಗೆ ದಣಿವೆಂದೊಡನೆ ನೆನಪಾಗುವುದು ಕಾಫಿಯೇ. ಅದು ಮಾಡುವ ಕೆಲಸವನ್ನು ತಿಳಿದುಕೊಂಡರೆ ತಪ್ಪಿಲ್ಲ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚುತ್ತ ಹೋಗುತ್ತದೆ. ಅದು ತನ್ನ ನಿಯತ ಸ್ಥಾನಗಳಲ್ಲಿ ಹೋಗಿ ಕೂತಾಗ ಕಣ್ಣು ಭಾರವಾಗುತ್ತದೆ. ಕಾಫಿಯಲ್ಲಿರುವ ಕೆಫೀನ್ ಆ ಸ್ಥಾನಗಳನ್ನು ತಾನೇ ಆಕ್ರಮಿಸಿಕೊಂಡು ಅಡೆನೊಸಿನ್ನನ್ನು ಹೊರಗೆ ನಿಲ್ಲಿಸುತ್ತದೆ. ದಣಿವು ಹೋಯಿತೆಂದಲ್ಲ; ಸಮಾಚಾರ ತಂದವನನ್ನು ಬಾಗಿಲಲ್ಲಿ ತಡೆದಂತಾಯಿತು. ಕೆಫೀನ್ ತೆರಳಿದ ಮೇಲೆ ಕಾದು ನಿಂತಿದ್ದವನು ಒಳಗೆ ಬಂದೇ ಬರುತ್ತಾನೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುವುದರಿಂದ, ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಪೂರ್ತಿ ಬಿಟ್ಟಿರುವುದಿಲ್ಲ. ನಿದ್ದೆ ತೆಳುವಾಗುತ್ತದೆ, ಬೆಳಿಗ್ಗೆ ಎದ್ದಾಗಲೇ ಸುಸ್ತು, ಅದಕ್ಕೆ ಮತ್ತೊಂದು ಲೋಟ ಕಾಫಿ. ಬಡ್ಡಿ ಕಟ್ಟಲು ಹೊಸ ಸಾಲ ಮಾಡುವವರ ಕಥೆ ಇದು.

ಸೋಮಾರಿತನವಲ್ಲ, ರಕ್ತಹೀನತೆ

ದಣಿವನ್ನು ಸೋಮಾರಿತನವೆಂದು ಹಳಿಯುವವರು ಶ್ರೀಲಂಕೆಯ ಚಹಾ ತೋಟದ ಒಂದು ಪ್ರಯೋಗವನ್ನು ತಿಳಿಯಬೇಕು. ಅಲ್ಲಿ ಎಲೆ ಕೀಳುವ ಹೆಂಗಸರಲ್ಲಿ ಅನೇಕರಿಗೆ ರಕ್ತಹೀನತೆಯಿತ್ತು. ಸಂಶೋಧಕರು ಕೆಲವರಿಗೆ ಕಬ್ಬಿಣದ ಗುಳಿಗೆಗಳನ್ನೂ ಉಳಿದವರಿಗೆ ಔಷಧಗುಣವಿಲ್ಲದ ಗುಳಿಗೆಗಳನ್ನೂ ಕೊಟ್ಟು, ಕಿತ್ತ ಎಲೆಯನ್ನು ತೂಗಿ ನೋಡಿದರು. ಕಬ್ಬಿಣದಿಂದ ರಕ್ತ ಸುಧಾರಿಸಿದ ಹೆಂಗಸರು ಹೆಚ್ಚು ಎಲೆ ಕಿತ್ತರು. ಇಷ್ಟೇ ಅಲ್ಲ, ಅವರ ಓಡಾಟವೂ ಹೆಚ್ಚಿತು. 1979ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ಯಾರೂ ಆ ಹೆಂಗಸರಿಗೆ ದುಡಿಮೆಯ ಮಹತ್ವದ ಮೇಲೆ ಉಪನ್ಯಾಸ ಕೊಡಲಿಲ್ಲ. ಮೇಸ್ತ್ರಿಯ ಕಣ್ಣಿಗೆ ಮೈಗಳ್ಳತನವೆಂದು ಕಾಣಬಹುದಾಗಿದ್ದುದು ಒಂದು ಗುಳಿಗೆಯಿಂದ ತಗ್ಗಿತು.

ಇದು ದೂರದ ದ್ವೀಪದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷ ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ 25 ಮಂದಿಗೆ. ರಕ್ತದ ಹಿಮೋಗ್ಲೋಬಿನ್ ದೇಹದ ಮೂಲೆಮೂಲೆಗೆ ಆಮ್ಲಜನಕವನ್ನು ಹೊತ್ತೊಯ್ಯುವ ಹಮಾಲಿ. ಹಮಾಲಿಗಳು ಕಡಿಮೆಯಾದರೆ ಹೃದಯ ಹೆಚ್ಚು ಬಡಿದುಕೊಳ್ಳಬೇಕು. ಮೆಟ್ಟಿಲು ಹತ್ತಿದರೆ ಏದುಸಿರು, ನಿಂತರೆ ತಲೆಸುತ್ತು, ಮಧ್ಯಾಹ್ನವಾದರೆ ಕೈಕಾಲು ಸೋಲು. ಇದು ವರ್ಷಗಟ್ಟಲೆ ಮೆಲ್ಲಗೆ ಬೆಳೆಯುವುದರಿಂದ, "ನನ್ನ ಮೈಯೇ ಹೀಗೆ" ಎಂದು ಆಕೆ ಒಪ್ಪಿಕೊಂಡುಬಿಡುತ್ತಾಳೆ. "ಅಮ್ಮನಿಗೆ ಯಾವಾಗಲೂ ಸುಸ್ತು" ಎಂದು ಮನೆಯವರೂ ಒಪ್ಪಿಕೊಂಡುಬಿಡುತ್ತಾರೆ. ಒಂದು ರಕ್ತ ಪರೀಕ್ಷೆಯಿಂದ ತಿಳಿಯಬಹುದಾದುದು ಹೀಗೆ ಸ್ವಭಾವವೆಂಬ ಹೆಸರಿನಲ್ಲಿ ಮುಚ್ಚಿಹೋಗುತ್ತದೆ.

ಬಿಡುವಿನ ಲೆಕ್ಕ

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳು ಭಾನುವಾರವೂ ಬಿಡುವಿಲ್ಲದೆ ನಡೆದವು. ಕೆಲಸಗಾರರ ಆರೋಗ್ಯವನ್ನು ವಿಚಾರಿಸಲು 1915ರಲ್ಲಿ ನೇಮಕವಾದ ಸಮಿತಿಗೆ ತಿಳಿದು ಬಂದುದೇನೆಂದರೆ, ಮಿತಿಮೀರಿದ ಗಂಟೆಗಳನ್ನು ತಗ್ಗಿಸಿದರೆ ಉತ್ಪಾದನೆ ತಗ್ಗುವುದಿಲ್ಲ. ಕೆಲವು ಕಡೆ ಹೆಚ್ಚುತ್ತದೆ ಕೂಡ. ದಣಿದವರು ಮಾಡುವ ಕೊನೆಯ ಗಂಟೆಗಳ ಕೆಲಸ ಲೆಕ್ಕಕ್ಕಷ್ಟೇ ಕೆಲಸ. ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆ ಕಾಯಿದೆ, ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದು ವಿಧಿಸಿತು.

ಅಡಿಗೆಮನೆಗೆ ಅಂಥ ಕಾಯಿದೆ ಬರಲಿಲ್ಲ. ಭಾರತ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಹೆಂಗಸರು 81 ಮಂದಿ.

ಅಮೆರಿಕದಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು 1916ರಲ್ಲೇ ದಣಿವಿನ ಅಧ್ಯಯನದ ಮೇಲೆ ಪುಸ್ತಕ ಬರೆದರು. ಇಟ್ಟಿಗೆ ಕಟ್ಟುವವನು ಪ್ರತಿ ಇಟ್ಟಿಗೆಗೂ ಏಕೆ ಬಗ್ಗಬೇಕು, ಇಟ್ಟಿಗೆಯನ್ನೇ ಅವನ ಕೈಯೆತ್ತರಕ್ಕೆ ಏಕೆ ತರಬಾರದು ಎಂಬುದು ಫ್ರಾಂಕ್ ಕೇಳಿದ ಪ್ರಶ್ನೆ. 1924ರಲ್ಲಿ ಗಂಡನನ್ನು ಕಳೆದುಕೊಂಡ ಲಿಲಿಯನ್ ದೊಡ್ಡ ಸಂಸಾರವನ್ನು ಸಾಕುತ್ತಲೇ ಅದೇ ಪ್ರಶ್ನೆಯನ್ನು ಅಡಿಗೆಮನೆಗೆ ತಂದರು. ಕಟ್ಟೆಯ ಎತ್ತರ ಕೆಲಸ ಮಾಡುವವಳಿಗೆ ಒಪ್ಪುವಂತಿರಬೇಕು, ದಿನವೂ ಬೇಕಾದುದು ಕೈಗೆಟುಕುವಂತಿರಬೇಕು, ಕುಳಿತು ಮಾಡಬಹುದಾದ ಕೆಲಸವನ್ನು ನಿಂತು ಮಾಡಬಾರದು ಎಂಬ ತತ್ವಗಳು ನಮ್ಮ ಮನೆಗಳಿಗೂ ಸಲ್ಲುತ್ತವೆ. ಉಪ್ಪಿನ ಡಬ್ಬಿ ಅಟ್ಟದ ಮೇಲೆ, ನೀರು ಹಿತ್ತಿಲಲ್ಲಿ, ಒಲೆ ಮೊಣಕಾಲಿನ ಎತ್ತರದಲ್ಲಿ ಇದ್ದರೆ ಸಂಜೆಯ ಸೊಂಟನೋವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಯಾವ ದಣಿವಿಗೆ ಏನು?

ಮೈ ದುಡಿದು ಬಂದ ದಣಿವಿಗೆ ಊಟ, ನೀರು, ನಿದ್ದೆಯೇ ಮದ್ದು. ಅದೊಂದು ಸುಖದ ದಣಿವೂ ಹೌದು. ಕುಳಿತು ತಲೆಕೆಡಿಸಿಕೊಂಡು ಬಂದ ದಣಿವಿಗೆ ಮಲಗುವುದಕ್ಕಿಂತ ಅರ್ಧ ಗಂಟೆಯ ನಡಿಗೆ ಹೆಚ್ಚು ಹಿತ. ಬೇಸರದ ದಣಿವು ಕೆಲಸ ಬದಲಾಯಿಸಿದರೆ ಓಡುತ್ತದೆ. ನಾಟಕದ ಟಿಕೇಟು ಕಂಡು ಎದ್ದವರ ದಣಿವು ಬಹುಪಾಲು ಈ ಜಾತಿಯದು.

ಆದರೆ ಚೆನ್ನಾಗಿ ನಿದ್ದೆ ಮಾಡಿದರೂ ನೀಗದ, ವಾರಗಟ್ಟಲೆ ಬೆನ್ನು ಬಿಡದ ದಣಿವಿಗೆ ವೈದ್ಯರನ್ನು ಕಾಣಲೇಬೇಕು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಸಕ್ಕರೆ ಕಾಯಿಲೆ, ಬಿ12 ಜೀವಸತ್ವದ ಕೊರತೆ, ಕ್ಷಯ ಇವೆಲ್ಲ ಮೊದಲು ದಣಿವಿನ ರೂಪದಲ್ಲೇ ಬರಬಹುದು. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತಂತಾಗಿ ಬೆಚ್ಚುವವರಿಗೆ ರಾತ್ರಿಯೆಲ್ಲ ಮಲಗಿದರೂ ನಿದ್ದೆ ಆಗಿರುವುದಿಲ್ಲ. ಇಷ್ಟವಾದ ಕೆಲಸದಲ್ಲೂ ಮನಸ್ಸಿಲ್ಲದೆ, ಬೆಳಗಾಗುವುದೇ ಭಾರವೆನಿಸಿದರೆ ಅದು ಖಿನ್ನತೆಯ ದಣಿವಿರಬಹುದು. ಅದಕ್ಕೂ ಚಿಕಿತ್ಸೆಯುಂಟು, ಅದರಲ್ಲಿ ನಾಚಿಕೆಯಿಲ್ಲ. ಎದೆನೋವು, ಏದುಸಿರು, ಕಾರಣವಿಲ್ಲದೆ ತೂಕ ಇಳಿಯುವುದು ಜೊತೆಗೂಡಿದರೆ ತಡಮಾಡಕೂಡದು. ರಕ್ತ ಕಡಿಮೆಯಿರುವವರು ಊಟದ ಜೊತೆಗೇ ಕಾಫಿ ಚಹಾ ಕುಡಿಯದಿರುವುದು ಮೇಲು. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಸೊಪ್ಪು ಕಾಳುಗಳ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ದಣಿವನ್ನು ಬಾಯಿಬಿಟ್ಟು ಹೇಳುವವರಿಗೆ ಕುರ್ಚಿಯೂ ಕಾಫಿಯೂ ಹೇಗೋ ದೊರೆಯುತ್ತವೆ. ಹೇಳದವರ ದಣಿವನ್ನು ಮನೆಯವರೇ ಕಂಡುಕೊಳ್ಳಬೇಕು. ಅಮ್ಮ ಮೆಟ್ಟಿಲ ನಡುವೆ ಏಕೆ ನಿಂತಳು, ಅತ್ತಿಗೆಯ ಮುಖವೇಕೆ ಬಿಳಿಚಿದೆ, ಅತ್ತೆಯವರು ಊಟಕ್ಕೆ ಮೊದಲೇ ಏಕೆ ತೂಕಡಿಸುತ್ತಾರೆ ಎಂದು ಒಂದು ಸಲ ವಿಚಾರಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ. ಸಂಜೆಯ ಪಾತ್ರೆಗಳಿಗೆ ಇನ್ನೆರಡು ಕೈ ಸೇರಿದರೆ, ಈ ತಿಂಗಳೊಳಗೆ ಒಂದು ರಕ್ತ ಪರೀಕ್ಷೆ ಮಾಡಿಸಿದರೆ, ವರ್ಷಗಳಿಂದ 'ಸ್ವಭಾವ'ವೆನಿಸಿಕೊಂಡಿದ್ದ ಸುಸ್ತು ಎಷ್ಟೋ ಮನೆಗಳಲ್ಲಿ ಇಳಿದೀತು.